ಚಿಕ್ಕದಾಗಿ ಕಾಣುವುದೆಲ್ಲ ಚಿಕ್ಕದೇನು?

ಹುಣ್ಣಿಮೆಯ ಸಂಜೆ ಪೂರ್ವದಿಕ್ಕಿನ ತೆಂಗಿನ ಮರಗಳ ನಡುವಿನಿಂದ ಮೇಲೇರುವ ಚಂದ್ರನನ್ನು ನೀವು ನೋಡಿರುತ್ತೀರಿ. ಆಗ ಅದು ಎಷ್ಟು ದೊಡ್ಡದಾಗಿ ತೋರುತ್ತದೆಂದರೆ, ಅಂಗಳದಲ್ಲಿ ಆಡುತ್ತಿರುವ ಮಕ್ಕಳು 'ಉಮ್ಮಾ, ಇವತ್ತು ಚಂದ್ರ ಹತ್ತಿರ ಬಂದಿದೆಯಾ?' ಎಂದು ಕೇಳಿಬಿಡುತ್ತಾರೆ. ಅದೇ ಚಂದ್ರ ನಡುರಾತ್ರಿಯ ಹೊತ್ತಿಗೆ ನೆತ್ತಿಯ ಮೇಲೆ ಬಂದಾಗ ಕುಗ್ಗಿದಂತೆ ಕಾಣುತ್ತದೆ. ಮಕ್ಕಳಿಗೆ ಒಂದು ಪರೀಕ್ಷೆ ಮಾಡಲು ಹೇಳಿ. ತೋಳನ್ನು ಪೂರ್ತಿಯಾಗಿ ಚಾಚಿ, ಒಂದು ಕಣ್ಣು ಮುಚ್ಚಿ, ಕಿರುಬೆರಳಿನ ಉಗುರನ್ನು ಚಂದ್ರನ ಮೇಲೆ ಹಿಡಿಯಲಿ. ಸಂಜೆಯೂ ಉಗುರು ಚಂದ್ರನನ್ನು ಮುಚ್ಚುತ್ತದೆ, ನಡುರಾತ್ರಿಯೂ ಅಷ್ಟೇ ಮುಚ್ಚುತ್ತದೆ. ಚಂದ್ರ ಹಿಗ್ಗಿರಲೂ ಇಲ್ಲ, ಕುಗ್ಗಿರಲೂ ಇಲ್ಲ. ಹಿಗ್ಗಿ ಕುಗ್ಗಿದ್ದು ನಮ್ಮ ಎಣಿಕೆ ಮಾತ್ರ.

ಸುಮಾರು 3 ಲಕ್ಷ 84 ಸಾವಿರ ಕಿಲೋಮೀಟರ್ ದೂರದ ಚಂದ್ರನ ವಿಷಯದಲ್ಲೇ ಕಣ್ಣು ಹೀಗೆ ಮೋಸ ಹೋಗುವುದಾದರೆ, ಬೆಳಕೇ ಸಾವಿರ ಕೋಟಿ ವರ್ಷ ಪ್ರಯಾಣ ಮಾಡಿ ಬರಬೇಕಾದಷ್ಟು ದೂರದ ಗ್ಯಾಲಕ್ಸಿಗಳ ಗತಿಯೇನು? ಅವುಗಳ ಉದ್ದಗಲವನ್ನು, ಆಕಾರವನ್ನು ಅಳೆಯುವುದು ಸಾಧ್ಯವೇ? ಸಾಧ್ಯವೆಂದು ಕಳೆದ ನೂರು ವರ್ಷಗಳಲ್ಲಿ ಖಗೋಳ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಆದರೆ ಪ್ರತಿಯೊಂದು ಹೆಜ್ಜೆಯಲ್ಲೂ ಅವರು ಗ್ಯಾಲಕ್ಸಿಯನ್ನು ಅಳೆಯುವ ಮೊದಲು ತಮ್ಮ ಕಣ್ಣಿನ, ತಮ್ಮ ಉಪಕರಣದ ಕೊರತೆಯನ್ನು ಅಳೆಯಬೇಕಾಯಿತು. ಈ ಲೇಖನ ಅದರ ಕುರಿತಾಗಿದೆ.

ಸೂಫಿ ಕಂಡ ಪುಟ್ಟ ಮೋಡ

ಕ್ರಿ.ಶ. 964ರ ಸುಮಾರಿಗೆ ಪರ್ಶಿಯಾದ ಇಸ್ಫಹಾನಿನಲ್ಲಿ ಅಬ್ದುರ್ರಹ್ಮಾನ್ ಅಸ್ಸೂಫಿ ಎಂಬ ಖಗೋಳಜ್ಞರು ಅರಬೀ ಭಾಷೆಯಲ್ಲಿ ಸ್ಥಿರ ನಕ್ಷತ್ರಗಳ ಕುರಿತ ಒಂದು ಗ್ರಂಥವನ್ನು ರಚಿಸಿದರು. ಅವರಿಗಿಂತ ಎಂಟು ಶತಮಾನಗಳ ಹಿಂದೆ ಟಾಲೆಮಿ ಬರೆದಿಟ್ಟಿದ್ದ ನಕ್ಷತ್ರಗಳ ಪಟ್ಟಿಯನ್ನು ಕಣ್ಣುಮುಚ್ಚಿ ನಕಲು ಮಾಡದೆ, ಒಂದೊಂದು ನಕ್ಷತ್ರವನ್ನೂ ಸ್ವತಃ ನೋಡಿ, ಅದರ ಹೊಳಪನ್ನು ಮರುಪರಿಶೀಲಿಸಿ ತಿದ್ದಿದ್ದು ಅವರ ಹೆಚ್ಚುಗಾರಿಕೆ. ಆ ಗ್ರಂಥದಲ್ಲಿ ಆಂಡ್ರೊಮಿಡಾ ನಕ್ಷತ್ರಪುಂಜದ ಬಳಿ, ಮೀನಿನ ಚಿತ್ರದ ಬಾಯಿಯ ಹತ್ತಿರ ಒಂದು ಪುಟ್ಟ ಮೋಡವಿದೆ ಎಂದು ಅವರು ಗುರುತಿಸಿದ್ದಾರೆ. ನಮ್ಮ ಆಕಾಶಗಂಗೆಯ ಆಚೆಗಿರುವ ಆಂಡ್ರೊಮಿಡಾ ಗ್ಯಾಲಕ್ಸಿಯ ಬಗ್ಗೆ ಇಂದು ಉಳಿದಿರುವ ಅತ್ಯಂತ ಹಳೆಯ ದಾಖಲೆಗಳಲ್ಲಿ ಇದೇ ಮೊದಲನೆಯದೆಂದು ಪರಿಗಣಿಸಲಾಗುತ್ತದೆ.

ನವೆಂಬರ್, ಡಿಸೆಂಬರ್ ತಿಂಗಳ ಮುಂಜಾವಿನಲ್ಲಲ್ಲ, ರಾತ್ರಿಯ ಮೊದಲ ಜಾವದಲ್ಲಿ, ಬೀದಿದೀಪಗಳಿಲ್ಲದ ಊರಿನಲ್ಲಿ ನಿಂತು ಉತ್ತರಕ್ಕೆ ಮುಖ ಮಾಡಿ ತಲೆಯೆತ್ತಿದರೆ ಈ 'ಮೋಡ'ವನ್ನು ನಾವೂ ಕಾಣಬಹುದು. ಬೆರಳಿನಿಂದ ಒರೆಸಿದ ಹಾಲಿನ ಕಲೆಯಷ್ಟೇ ಅದು. ಅಷ್ಟು ದೂರದಿಂದ ಬರಿಗಣ್ಣಿಗೆ ಕಾಣುವುದು ಅದರ ನಡುಭಾಗ ಮಾತ್ರ. ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ದೀರ್ಘ ಹೊತ್ತು ಬೆಳಕು ಹಿಡಿದರೆ ಅದರ ಅಂಚುಗಳು ಕಾಣತೊಡಗುತ್ತವೆ. ಆಗ ಅದರ ಅಗಲ ಆಕಾಶದಲ್ಲಿ ಸುಮಾರು 3 ಡಿಗ್ರಿ, ಅಂದರೆ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು! ಅಸ್ಸೂಫಿಯವರು ಕಂಡದ್ದು ಸುಳ್ಳಲ್ಲ. ಆದರೆ ಮಂದವಾದ ಹೊರಭಾಗವನ್ನು ಕಣ್ಣು ಬಿಟ್ಟುಬಿಟ್ಟಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬೇಕಾಗುತ್ತದೆ.

ದೂರ ತಪ್ಪಿದರೆ ಗಾತ್ರವೂ ತಪ್ಪು

ಆಕಾಶದಲ್ಲಿ ನಾವು ನೇರವಾಗಿ ಅಳೆಯಬಹುದಾದುದು ಒಂದು ವಸ್ತು ಎಷ್ಟು ಡಿಗ್ರಿ ಅಗಲವಾಗಿ ಕಾಣುತ್ತದೆ ಎಂಬುದನ್ನು ಮಾತ್ರ. ಅದರ ನಿಜವಾದ ಗಾತ್ರ ತಿಳಿಯಬೇಕಾದರೆ ಅದು ಎಷ್ಟು ದೂರದಲ್ಲಿದೆ ಎಂಬುದೂ ಗೊತ್ತಿರಬೇಕು. ಲೆಕ್ಕ ಸುಲಭ. ತನ್ನ ಅಗಲದ 57 ಪಟ್ಟು ದೂರದಲ್ಲಿರುವ ವಸ್ತು ಒಂದು ಡಿಗ್ರಿಯಷ್ಟು ಕಾಣುತ್ತದೆ. ಆಂಡ್ರೊಮಿಡಾದ ದೂರ 25 ಲಕ್ಷ ಜ್ಯೋತಿರ್ವರ್ಷ. ಅದನ್ನು 57ರಿಂದ ಭಾಗಿಸಿ 3ರಿಂದ ಗುಣಿಸಿದರೆ ಸುಮಾರು 1 ಲಕ್ಷ 30 ಸಾವಿರ ಜ್ಯೋತಿರ್ವರ್ಷ. ಹೈಸ್ಕೂಲು ಮಕ್ಕಳು ಕೂಡಾ ಮಾಡಬಹುದಾದ ಲೆಕ್ಕವಿದು.

ಆದರೆ ಆ 25 ಲಕ್ಷ ಎಂಬ ಸಂಖ್ಯೆ ಸುಲಭದಲ್ಲಿ ಸಿಕ್ಕಿದ್ದಲ್ಲ. 1912ರಲ್ಲಿ ಅಮೆರಿಕದ ಹೆನ್ರಿಯೆಟಾ ಲೀವಿಟ್ ಎಂಬ ಮಹಿಳೆ, ಒಂದು ಬಗೆಯ ಮಿಡಿಯುವ ನಕ್ಷತ್ರಗಳ ಮಿಡಿತದ ಅವಧಿಗೂ ಅವುಗಳ ನಿಜವಾದ ಹೊಳಪಿಗೂ ಸಂಬಂಧವಿದೆಯೆಂದು ತೋರಿಸಿದರು. ನಿಜವಾದ ಹೊಳಪು ತಿಳಿದರೆ, ಕಾಣುವ ಹೊಳಪಿನೊಂದಿಗೆ ಹೋಲಿಸಿ ದೂರವನ್ನು ಹೇಳಬಹುದು. 1923ರಲ್ಲಿ ಎಡ್ವಿನ್ ಹಬಲ್ ಮೌಂಟ್ ವಿಲ್ಸನ್ ವೀಕ್ಷಣಾಲಯದಿಂದ ಆಂಡ್ರೊಮಿಡಾದಲ್ಲಿ ಅಂತಹ ಒಂದು ನಕ್ಷತ್ರವನ್ನು ಗುರುತಿಸಿದರು. ಅದರ ಪ್ರಕಾರ ಆಂಡ್ರೊಮಿಡಾ ಸುಮಾರು 9 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿತ್ತು. ಅದು ನಮ್ಮ ಆಕಾಶಗಂಗೆಯೊಳಗಿನ ಮೋಡವಲ್ಲ, ಇನ್ನೊಂದು ಗ್ಯಾಲಕ್ಸಿ ಎಂದು ಜಗತ್ತು ಒಪ್ಪಿಕೊಳ್ಳಲು ಅಷ್ಟು ಸಾಕಾಯಿತು. ಆದರೆ ಆ ಸಂಖ್ಯೆ ತಪ್ಪಾಗಿತ್ತು. ಮಿಡಿಯುವ ನಕ್ಷತ್ರಗಳಲ್ಲಿ ಎರಡು ಬಗೆಗಳಿವೆ, ಅವೆರಡನ್ನೂ ಒಂದೆಂದು ತಿಳಿದು ಲೆಕ್ಕ ಹಾಕಲಾಗಿದೆ ಎಂದು ವಾಲ್ಟರ್ ಬಾಡೆ 1952ರಲ್ಲಿ ತಿಳಿಸಿದಾಗ ಆಂಡ್ರೊಮಿಡಾದ ದೂರ ದುಪ್ಪಟ್ಟಾಯಿತು. ದೂರದೊಂದಿಗೆ ಅದರ ಗಾತ್ರವೂ ದುಪ್ಪಟ್ಟಾಯಿತು. ಗ್ಯಾಲಕ್ಸಿ ಒಂದು ಅಂಗುಲವೂ ಬೆಳೆದಿರಲಿಲ್ಲ. ಬದಲಾದದ್ದು ಮನುಷ್ಯನ ತಿಳುವಳಿಕೆ.

ಬೇಲಿಯಿಲ್ಲದ ಹಿತ್ತಲು

ದೂರ ತಿಳಿಯಿತೆಂದುಕೊಳ್ಳೋಣ. ಆದರೂ ಸಮಸ್ಯೆ ಮುಗಿಯುವುದಿಲ್ಲ. ಗ್ಯಾಲಕ್ಸಿಗೆ ಅಂಚು ಎಂಬುದೇ ಇಲ್ಲ. ನಕ್ಷತ್ರಗಳು ನಡುವಿನಿಂದ ಹೊರಗೆ ಹೋದಂತೆ ವಿರಳವಾಗುತ್ತಾ ಹೋಗುತ್ತವೆ, ಅಷ್ಟೇ. ನಿಮ್ಮ ಪೇಟೆ ಎಲ್ಲಿಗೆ ಮುಗಿಯುತ್ತದೆ ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ಬಸ್ ನಿಲ್ದಾಣದ ಸುತ್ತ ಕಿಕ್ಕಿರಿದ ಅಂಗಡಿಗಳು, ಆಮೇಲೆ ಮನೆಗಳು, ಆಮೇಲೆ ತೋಟದ ನಡುವೆ ಅಲ್ಲೊಂದು ಇಲ್ಲೊಂದು ಮನೆ. ಕೊನೆಯ ಮನೆ ಯಾವುದೆಂದು ಹುಡುಕುತ್ತಾ ಹೋದರೆ ಮುಂದಿನ ಊರೇ ಬಂದುಬಿಡುತ್ತದೆ. ಅದರ ಬದಲು, ಬಸ್ ನಿಲ್ದಾಣದಿಂದ ಎಷ್ಟು ದೂರದೊಳಗೆ ಪೇಟೆಯ ಅರ್ಧದಷ್ಟು ಜನರಿದ್ದಾರೆ ಎಂದು ಕೇಳಿದರೆ ಸ್ಪಷ್ಟವಾದ ಉತ್ತರ ಸಿಗುತ್ತದೆ. ಖಗೋಳ ವಿಜ್ಞಾನಿಗಳು ಮಾಡುವುದೂ ಇದನ್ನೇ. ಗ್ಯಾಲಕ್ಸಿಯ ಒಟ್ಟು ಬೆಳಕಿನ ಅರ್ಧಭಾಗ ಎಷ್ಟು ತ್ರಿಜ್ಯದ ಒಳಗಿನಿಂದ ಬರುತ್ತದೆ ಎಂದು ನೋಡಿ ಅದನ್ನೇ ಅದರ ಗಾತ್ರವೆಂದು ಕರೆಯುತ್ತಾರೆ.

ಆಕಾರಕ್ಕೂ ಒಂದು ಅಳತೆಗೋಲಿದೆ. 1926ರಲ್ಲಿ ಹಬಲ್ ಗ್ಯಾಲಕ್ಸಿಗಳನ್ನು ಅಂಡಾಕಾರದವು, ಸುರುಳಿಯವು, ಯಾವ ಕ್ರಮಕ್ಕೂ ಒಳಪಡದವು ಎಂದು ಕಣ್ಣಂದಾಜಿನಿಂದ ವಿಂಗಡಿಸಿದ್ದರು. ಅಂಡಾಕಾರದ ಗ್ಯಾಲಕ್ಸಿಗಳಲ್ಲಿ ಬೆಳಕು ನಡುವಿನಿಂದ ಹೊರಗೆ ಯಾವ ಕ್ರಮದಲ್ಲಿ ಇಳಿಯುತ್ತದೆ ಎಂಬುದಕ್ಕೆ 1948ರಲ್ಲಿ ಫ್ರಾನ್ಸ್ ಮೂಲದ ಜೆರಾರ್ ದ ವೋಕುಲೇರ್ ಒಂದು ಸೂತ್ರ ಕೊಟ್ಟರು. 1963ರಲ್ಲಿ ಅರ್ಜೆಂಟೀನಾದ ಹೊಸೆ ಲೂಯಿಸ್ ಸೆರ್ಸಿಕ್ ಅದನ್ನು ಎಲ್ಲ ಗ್ಯಾಲಕ್ಸಿಗಳಿಗೂ ಹೊಂದುವಂತೆ ವಿಸ್ತರಿಸಿದರು. ಅವರ ಸೂತ್ರದಲ್ಲಿ ಒಂದು ಸಂಖ್ಯೆಯಿದೆ. ಅದು 1ರ ಆಸುಪಾಸಿನಲ್ಲಿದ್ದರೆ ಆ ಗ್ಯಾಲಕ್ಸಿ ದೋಸೆಯಂತೆ ಹರಡಿದ ತಟ್ಟೆ. 4ರ ಆಸುಪಾಸಿನಲ್ಲಿದ್ದರೆ ನಡುವೆ ಕಿಕ್ಕಿರಿದು, ಸುತ್ತಲೂ ಬಹುದೂರ ತೆಳುವಾಗಿ ಹಬ್ಬಿದ ಅಂಡಾಕಾರ. ಈ ಎರಡು ಅಳತೆಗಳು, ಅಂದರೆ ಅರ್ಧ ಬೆಳಕಿನ ತ್ರಿಜ್ಯ ಮತ್ತು ಸೆರ್ಸಿಕ್ ಸಂಖ್ಯೆ, ಇಂದಿಗೂ ಬಳಕೆಯಲ್ಲಿವೆ.

ಕೊನೆಯ ತೊಡಕು ಮಸುಕಿನದ್ದು. ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವೊಂದನ್ನು ಐದು ಕಿಲೋಮೀಟರ್ ದೂರದಲ್ಲಿ ನಿಲ್ಲಿಸಿದರೆ ಅದು ಒಂದು ಆರ್ಕ್ ಸೆಕೆಂಡ್, ಅಂದರೆ ಡಿಗ್ರಿಯ 3,600ನೇ ಒಂದು ಭಾಗದಷ್ಟು ಕಾಣುತ್ತದೆ. ದೂರದ ಅನೇಕ ಗ್ಯಾಲಕ್ಸಿಗಳ ಅರ್ಧ ಬೆಳಕಿನ ತ್ರಿಜ್ಯ ಅದರ ಐದನೇ ಒಂದು ಭಾಗ. ಆ ನಾಣ್ಯವನ್ನು 25 ಕಿಲೋಮೀಟರ್ ಆಚೆ ಒಯ್ದಂತೆ! ಭೂಮಿಯ ಮೇಲಿನ ದೂರದರ್ಶಕಗಳಿಗೆ ಗಾಳಿಯ ಅಲುಗಾಟವೇ ಇದಕ್ಕಿಂತ ದೊಡ್ಡ ಮಸುಕನ್ನು ಉಂಟುಮಾಡುತ್ತದೆ. ಗಾಳಿಯಿಲ್ಲದ ಬಾಹ್ಯಾಕಾಶದಲ್ಲೂ ಪ್ರತಿಯೊಂದು ದೂರದರ್ಶಕ ಚುಕ್ಕೆಯನ್ನು ಸ್ವಲ್ಪ ಹರಡಿಯೇ ತೋರಿಸುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ಸರಳವಾದುದು. ಅದೇ ಚಿತ್ರದಲ್ಲಿರುವ ಒಂದು ನಕ್ಷತ್ರವನ್ನು ನೋಡುತ್ತಾರೆ. ನಕ್ಷತ್ರ ಕೇವಲ ಚುಕ್ಕೆ. ಅದು ಎಷ್ಟು ಹರಡಿದೆಯೋ ಅಷ್ಟು ದೂರದರ್ಶಕದ ದೋಷ. ಬಳಿಕ ಕಂಪ್ಯೂಟರಿನಲ್ಲಿ ಒಂದು ಕೃತಕ ಗ್ಯಾಲಕ್ಸಿಯನ್ನು ರಚಿಸಿ, ಅದನ್ನೂ ಅಷ್ಟೇ ಮಸುಕು ಮಾಡಿ, ನಿಜವಾದ ಚಿತ್ರಕ್ಕೆ ಸರಿಹೊಂದುವವರೆಗೆ ತಿದ್ದುತ್ತಾ ಹೋಗುತ್ತಾರೆ. 2002ರಲ್ಲಿ ಬಂದ 'ಗ್ಯಾಲ್‌ಫಿಟ್' ಎಂಬ ತಂತ್ರಾಂಶ ಈ ಕೆಲಸಕ್ಕೆ ಹೆಸರುವಾಸಿ.

ಒಂದೇ ಅಂಗಳದಲ್ಲಿ ಎಲ್ಲ ತರಗತಿಗಳು

ದೂರವನ್ನು ನೋಡುವುದೆಂದರೆ ಹಿಂದಿನ ಕಾಲವನ್ನು ನೋಡುವುದು. ಸಾವಿರ ಕೋಟಿ ವರ್ಷಗಳ ಹಿಂದೆ ಹೊರಟ ಬೆಳಕು ಇಂದು ನಮ್ಮನ್ನು ತಲುಪಿದರೆ ಅದು ಅಂದಿನ ಗ್ಯಾಲಕ್ಸಿಯ ಚಿತ್ರವನ್ನೇ ತರುತ್ತದೆ. ಒಂದೇ ಗ್ಯಾಲಕ್ಸಿ ಬೆಳೆಯುವುದನ್ನು ನಾವು ನೋಡಲಾರೆವು, ನಮ್ಮ ಆಯುಷ್ಯ ಸಾಲದು. ಆದರೆ ಶಾಲೆಯ ಅಂಗಳದಲ್ಲಿ ಒಂದನೇ ತರಗತಿಯಿಂದ ಹತ್ತನೇ ತರಗತಿಯವರೆಗಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ, ಒಬ್ಬ ಮಗುವನ್ನು ಹತ್ತು ವರ್ಷ ಕಾಯದೆಯೇ ಮಕ್ಕಳು ಹೇಗೆ ಬೆಳೆಯುತ್ತಾರೆಂದು ಊಹಿಸಬಹುದಲ್ಲವೇ? ಹತ್ತಿರದ, ದೂರದ, ಅತಿ ದೂರದ ಗ್ಯಾಲಕ್ಸಿಗಳು ಆ ಸಾಲಿನಲ್ಲಿ ನಿಂತ ಮಕ್ಕಳಂತೆ.

ಆ ಸಾಲನ್ನು ಮೊದಲ ಬಾರಿಗೆ ಸ್ಪಷ್ಟವಾಗಿ ತೋರಿಸಿದ್ದು ಹಬಲ್ ಬಾಹ್ಯಾಕಾಶ ದೂರದರ್ಶಕ. 1990ರಲ್ಲಿ ಅದನ್ನು ಕಕ್ಷೆಗೆ ಸೇರಿಸಿದ ಮೇಲೆ ಅದರ ಕನ್ನಡಿಯ ಅಂಚು ಕೂದಲೆಳೆಗಿಂತಲೂ ಬಹಳ ಕಡಿಮೆ, 2.2 ಮೈಕ್ರಾನಿನಷ್ಟು ತಪ್ಪಾಗಿ ಉಜ್ಜಲ್ಪಟ್ಟಿದೆಯೆಂದು ಬೆಳಕಿಗೆ ಬಂತು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ದುರಸ್ತಿ ಮಾಡಿದರು. ಎರಡು ವರ್ಷಗಳ ಬಳಿಕ ಆ ದೂರದರ್ಶಕದ ಉಸ್ತುವಾರಿ ಸಂಸ್ಥೆಯ ನಿರ್ದೇಶಕರಾಗಿದ್ದ ರಾಬರ್ಟ್ ವಿಲಿಯಮ್ಸ್, ಆಕಾಶದ ಒಂದು ಬರಿದಾದ ಮೂಲೆಯನ್ನು ಹತ್ತು ದಿನ ಸತತವಾಗಿ ನೋಡೋಣ ಎಂದು ನಿರ್ಧರಿಸಿದರು. ಏನೂ ಕಾಣದಿದ್ದರೆ ಎಂಬ ಅಳುಕು ಹಲವರಿಗಿತ್ತು. 1995ರ ಡಿಸೆಂಬರಿನಲ್ಲಿ ತೋಳುದ್ದ ದೂರದಲ್ಲಿ ಹಿಡಿದ ಮರಳಿನ ಕಣದಷ್ಟು ಜಾಗದ 342 ಚಿತ್ರಗಳನ್ನು ತೆಗೆದು ಒಟ್ಟುಗೂಡಿಸಿದಾಗ ಅಲ್ಲಿ ಸುಮಾರು 3,000 ಗ್ಯಾಲಕ್ಸಿಗಳಿದ್ದವು. ದೂರದವುಗಳು ಸಣ್ಣವಾಗಿದ್ದವು, ವಕ್ರವಾಗಿದ್ದವು, ತುಂಡುತುಂಡಾಗಿದ್ದವು. ಹಬಲ್ ವಿಂಗಡಿಸಿದ ಚೆಂದದ ಸುರುಳಿಗಳು ಅಲ್ಲಿ ಅಪರೂಪ.

ಸಣ್ಣದು, ಆದರೆ ಭಾರವಾದುದು

ದೂರವಿರುವುದರಿಂದಲೇ ಸಣ್ಣದಾಗಿ ಕಂಡಿತೇ? ಇಲ್ಲಿ ಒಂದು ಅಚ್ಚರಿಯಿದೆ. ವಿಶ್ವ ಹಿಗ್ಗುತ್ತಿರುವುದರಿಂದ, ಒಂದು ಮಿತಿಯ ಆಚೆಗೆ ದೂರ ಹೋದಂತೆಲ್ಲ ವಸ್ತುಗಳು ಸಣ್ಣದಾಗಿ ಕಾಣುವ ಬದಲು ಮತ್ತೆ ದೊಡ್ಡದಾಗಿ ಕಾಣತೊಡಗುತ್ತವೆ! ಕಾರಣವೇನೆಂದರೆ, ಅವುಗಳ ಬೆಳಕು ಹೊರಟಾಗ ವಿಶ್ವ ಪುಟ್ಟದಾಗಿತ್ತು, ಅವು ನಮಗೆ ಹತ್ತಿರವೇ ಇದ್ದವು. ಹಾಗಿದ್ದೂ ದೂರದ ಗ್ಯಾಲಕ್ಸಿಗಳು ಪುಟ್ಟದಾಗಿ ಕಂಡವೆಂದರೆ ಅವು ನಿಜಕ್ಕೂ ಪುಟ್ಟವೇ ಆಗಿರಬೇಕು.

ಹಬಲ್ ದೂರದರ್ಶಕದ ಚಿತ್ರಗಳಿಂದ 30 ಸಾವಿರಕ್ಕೂ ಹೆಚ್ಚು ಗ್ಯಾಲಕ್ಸಿಗಳನ್ನು ಅಳೆದು 2014ರಲ್ಲಿ ಪ್ರಕಟಿಸಲಾದ ಅಧ್ಯಯನ ಇದಕ್ಕೆ ಸಂಖ್ಯೆಗಳನ್ನು ಕೊಟ್ಟಿತು. ಸಮಾನ ತೂಕದ ಗ್ಯಾಲಕ್ಸಿಗಳನ್ನು ಹೋಲಿಸಿದರೆ, ಸಾವಿರ ಕೋಟಿ ವರ್ಷಗಳಿಗೂ ಹಿಂದೆ, ಹೊಸ ನಕ್ಷತ್ರಗಳನ್ನು ಹುಟ್ಟಿಸುತ್ತಿದ್ದವುಗಳ ಗಾತ್ರ ಇಂದಿನ ಅರ್ಧಕ್ಕಿಂತ ಕಡಿಮೆಯಿತ್ತು. ನಕ್ಷತ್ರಗಳನ್ನು ಹುಟ್ಟಿಸುವುದನ್ನು ಆಗಲೇ ನಿಲ್ಲಿಸಿದ್ದವುಗಳ ಗಾತ್ರವಂತೂ ಇಂದಿನ ಐದನೇ ಒಂದು ಭಾಗ ಮಾತ್ರ.

ಈ ಎರಡನೆಯ ಬಗೆಯವೇ ವಿಜ್ಞಾನಿಗಳ ನಿದ್ದೆಗೆಡಿಸಿದ್ದು. 2008ರಲ್ಲಿ ಪೀಟರ್ ವಾನ್ ಡೊಕ್ಕುಂ ಮತ್ತು ಸಂಗಡಿಗರು ಅಂತಹ ಒಂಬತ್ತು ಗ್ಯಾಲಕ್ಸಿಗಳನ್ನು ಅಳೆದರು. ಒಂದೊಂದರಲ್ಲಿ ಸರಾಸರಿ ಹದಿನೇಳು ಸಾವಿರ ಕೋಟಿ ಸೂರ್ಯರಷ್ಟು ತೂಕ. ಆದರೆ ಅರ್ಧ ಬೆಳಕಿನ ತ್ರಿಜ್ಯ ಕೇವಲ 3,000 ಜ್ಯೋತಿರ್ವರ್ಷ. ನಮ್ಮ ಸೂರ್ಯನೇ ಆಕಾಶಗಂಗೆಯ ನಡುವಿನಿಂದ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿದೆ ಎಂಬುದನ್ನು ಗಮನಿಸಿದರೆ, ಅಲ್ಲಿ ನಕ್ಷತ್ರಗಳು ಎಷ್ಟು ಒತ್ತೊತ್ತಾಗಿದ್ದಿರಬೇಕೆಂದು ಊಹಿಸಬಹುದು.

ಸಂಶಯ ಸಹಜವಾಗಿಯೇ ಹುಟ್ಟಿತು. ಅಸ್ಸೂಫಿಯವರ ಪುಟ್ಟ ಮೋಡದ ಕಥೆಯೇ ಇಲ್ಲಿಯೂ ನಡೆದಿಲ್ಲವೆಂದು ಹೇಗೆ ಹೇಳುವುದು? ಹಿಗ್ಗುತ್ತಿರುವ ವಿಶ್ವದಲ್ಲಿ ದೂರದ ಗ್ಯಾಲಕ್ಸಿಯ ಮೈಬೆಳಕು ಭಯಂಕರವಾಗಿ ಮಂಕಾಗುತ್ತದೆ. ಸಾವಿರ ಕೋಟಿ ವರ್ಷಗಳಾಚೆಯ ಆ ಕಾಲದಿಂದ ಬರುವಾಗ ಅದು ಸುಮಾರು 80 ಪಟ್ಟು ಮಂಕಾಗಿರುತ್ತದೆ. ತೆಳುವಾದ ಹೊರಭಾಗ ಕತ್ತಲೆಯಲ್ಲಿ ಮುಳುಗಿ, ನಡುಭಾಗವನ್ನೇ ಇಡೀ ಗ್ಯಾಲಕ್ಸಿ ಎಂದು ನಾವು ಭ್ರಮಿಸಿರಬಹುದಲ್ಲವೇ?

ಈ ಸಂಶಯವನ್ನು ಅವರು ತಳ್ಳಿಹಾಕಲಿಲ್ಲ, ಪರೀಕ್ಷಿಸಿದರು. ದೊಡ್ಡ ಗಾತ್ರದ ಕೃತಕ ಗ್ಯಾಲಕ್ಸಿಗಳನ್ನು ಮಂಕಾಗಿಸಿ ನಿಜವಾದ ಚಿತ್ರಗಳೊಳಗೆ ಸೇರಿಸಿ, ತಮ್ಮ ಅಳತೆ ಅವನ್ನು ಸರಿಯಾಗಿ ಹಿಡಿಯುತ್ತದೆಯೇ ಎಂದು ನೋಡಿದರು. ಅನೇಕ ಗ್ಯಾಲಕ್ಸಿಗಳ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ ಮಂದವಾದ ಹೊರಭಾಗವನ್ನು ಹುಡುಕಿದರು. 2010ರಲ್ಲಿ ಇನ್ನಷ್ಟು ಆಳವಾದ ಚಿತ್ರದಲ್ಲಿ ಅಂತಹ ಒಂದು ಗ್ಯಾಲಕ್ಸಿಯನ್ನು ಮತ್ತೆ ಅಳೆದರು. ಅಡಗಿದ ಹೊರಭಾಗ ಸಿಗಲಿಲ್ಲ. ಅವು ನಿಜಕ್ಕೂ ಪುಟ್ಟವೇ ಆಗಿದ್ದವು.

ಹಾಗಾದರೆ ಅವು ಹೇಗೆ ಬೆಳೆದವು? ಕೂಡಿಸಿದ ಆ ಚಿತ್ರಗಳೇ ಉತ್ತರದ ಎಳೆಯನ್ನು ಕೊಟ್ಟವು. ನಡುಭಾಗದ ತೂಕ ಅಷ್ಟಾಗಿ ಬದಲಾಗಿಲ್ಲ, ಹೊರಭಾಗ ಮಾತ್ರ ಕಾಲಕಾಲಕ್ಕೆ ಸೇರಿಕೊಂಡಿದೆ. ನಮ್ಮ ಹಳೆಯ ಮನೆಗಳ ಹಾಗೆ. ಅಜ್ಜ ಕಟ್ಟಿದ ನಡುಮನೆ ಇದ್ದಂತೆಯೇ ಇರುತ್ತದೆ, ಮಕ್ಕಳು ಮೊಮ್ಮಕ್ಕಳ ಕಾಲದಲ್ಲಿ ಸುತ್ತಲೂ ಚಾವಡಿ, ಕೋಣೆ, ಹೊಸ ಅಡುಗೆಮನೆ ಸೇರುತ್ತಾ ಹೋಗುತ್ತದೆ. ದೊಡ್ಡ ಗ್ಯಾಲಕ್ಸಿಗಳು ನೆರೆಯ ಸಣ್ಣ ಗ್ಯಾಲಕ್ಸಿಗಳನ್ನು ತಮ್ಮೊಳಗೆ ಸೆಳೆದುಕೊಂಡು ಹೀಗೆ ಹಿಗ್ಗಿದವೆಂದು ತಿಳಿಯಲಾಗಿದೆ. ಯಾರನ್ನೂ ಸೇರಿಸಿಕೊಳ್ಳದೆ ಹಳೆಯ ನಡುಮನೆಯಾಗಿಯೇ ಉಳಿದ ಗ್ಯಾಲಕ್ಸಿಯೂ ಇದೆ. ಸುಮಾರು 22 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ಎನ್‌ಜಿಸಿ 1277 ಅಂತಹ ಅವಶೇಷವೆಂದು 2014ರಲ್ಲಿ ಗುರುತಿಸಲಾಯಿತು.

ಇನ್ನೊಂದು ಎಚ್ಚರಿಕೆಯೂ ಬೇಕಿತ್ತು. ತರಗತಿಯ ಸರಾಸರಿ ಎತ್ತರ ಹೆಚ್ಚಿದರೆ ಎಲ್ಲ ಮಕ್ಕಳೂ ಬೆಳೆದರೆಂದೇ ಅರ್ಥವಲ್ಲ. ನಡುವರ್ಷದಲ್ಲಿ ನಾಲ್ಕೈದು ಎತ್ತರದ ಹುಡುಗರು ಹೊಸದಾಗಿ ಸೇರಿದ್ದರೂ ಸರಾಸರಿ ಏರುತ್ತದೆ. ಅದೇ ರೀತಿ, ತಡವಾಗಿ ನಕ್ಷತ್ರಗಳ ಹುಟ್ಟನ್ನು ನಿಲ್ಲಿಸಿದ ಗ್ಯಾಲಕ್ಸಿಗಳು ಮೊದಲೇ ದೊಡ್ಡವಾಗಿದ್ದವು. ಅವು ಗುಂಪಿಗೆ ಸೇರಿದಾಗ ಗುಂಪಿನ ಸರಾಸರಿ ಹೆಚ್ಚಿತು. ಬೆಳವಣಿಗೆಯಲ್ಲಿ ಎಷ್ಟು ಭಾಗ ನಿಜವಾದದ್ದು, ಎಷ್ಟು ಭಾಗ ಹೊಸಬರಿಂದ ಬಂದದ್ದು ಎಂಬ ಲೆಕ್ಕಾಚಾರ ಇನ್ನೂ ನಡೆದಿದೆ.

ಮದುವೆ ಮನೆಯ ದೀಪಗಳು

ಗಾತ್ರದ ಸಂಶಯ ಸುಳ್ಳಾಯಿತು, ಆದರೆ ಆಕಾರದ ವಿಷಯದಲ್ಲಿ ಕಣ್ಣು ಮೋಸ ಹೋಗಿಯೇ ಇತ್ತು.

ರಾತ್ರಿ ಗುಡ್ಡದ ಮೇಲೆ ನಿಂತು ಕೆಳಗಿನ ಊರನ್ನು ನೋಡುತ್ತಿದ್ದೀರಿ ಎಂದುಕೊಳ್ಳಿ. ಊರಿಗೆ ಕರೆಂಟಿಲ್ಲ. ಮೂರು ಮದುವೆ ಮನೆಗಳಲ್ಲಿ ಮಾತ್ರ ಜನರೇಟರ್ ಓಡುತ್ತಿದೆ, ಬಣ್ಣದ ದೀಪಗಳು ಝಗಮಗಿಸುತ್ತಿವೆ. ಊರೆಂದರೆ ಅಲ್ಲೊಂದು ಇಲ್ಲೊಂದು ಚದುರಿದ ಮೂರು ಗುಂಪು ದೀಪ ಎಂದೇ ನಿಮಗೆ ಅನಿಸುತ್ತದೆ. ಬೆಳಗಾದ ಮೇಲೆ ನೋಡಿದರೆ ಸಾಲಾದ ಬೀದಿಗಳು, ಮನೆಗಳು, ಎಲ್ಲವೂ ಅಚ್ಚುಕಟ್ಟಾಗಿವೆ.

ಗ್ಯಾಲಕ್ಸಿಗಳಲ್ಲಿ ಈ ಮದುವೆ ಮನೆಗಳೆಂದರೆ ಹೊಸದಾಗಿ ಹುಟ್ಟಿದ ಬಿಸಿ ನಕ್ಷತ್ರಗಳು. ಅವು ಹೆಚ್ಚಾಗಿ ಅತಿನೇರಳೆ ಬೆಳಕನ್ನು ಬೀರುತ್ತವೆ. ಊರಿನ ಬಹುಪಾಲು ಮನೆಗಳಾದ ಹಳೆಯ ನಕ್ಷತ್ರಗಳದ್ದು ಹಳದಿ, ಕೆಂಪು ಬೆಳಕು. ವಿಶ್ವ ಹಿಗ್ಗುವಾಗ ಅದರೊಳಗೆ ಪ್ರಯಾಣಿಸುವ ಬೆಳಕೂ ಎಳೆಯಲ್ಪಡುತ್ತದೆ. ಅತಿ ದೂರದ ಗ್ಯಾಲಕ್ಸಿಯ ಹಳದಿ ಬೆಳಕು ನಮ್ಮನ್ನು ತಲುಪುವಾಗ ಕಣ್ಣಿಗೆ ಕಾಣದ ಅವಕೆಂಪು ಬೆಳಕಾಗಿರುತ್ತದೆ. ಹಬಲ್ ದೂರದರ್ಶಕ ಅವಕೆಂಪಿನ ಸ್ವಲ್ಪ ಭಾಗವನ್ನು ಮಾತ್ರ ಹಿಡಿಯಬಲ್ಲದು. ಆದ್ದರಿಂದ 1150 ಕೋಟಿ ವರ್ಷಗಳಾಚೆಯ ಗ್ಯಾಲಕ್ಸಿಗಳಲ್ಲಿ ಅದು ಕಂಡದ್ದು ಮದುವೆ ಮನೆಗಳನ್ನು ಮಾತ್ರ. ತುಂಡುತುಂಡಾದ, ವಕ್ರವಾದ ಚಿತ್ರಗಳಿಗೆ ಇದೂ ಒಂದು ಕಾರಣ. ಹತ್ತಿರದ ಗ್ಯಾಲಕ್ಸಿಗಳನ್ನೇ ಅತಿನೇರಳೆಯಲ್ಲಿ ನೋಡಿದರೆ ಅವೂ ಹೀಗೆಯೇ ತೇಪೆ ಹಚ್ಚಿದಂತೆ ಕಾಣುತ್ತವೆ. 2015ರಲ್ಲಿ ಭಾರತ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಅಂತಹ ಚಿತ್ರಗಳನ್ನು ತೆಗೆಯುವ ಅತಿನೇರಳೆ ದೂರದರ್ಶಕವಿದೆ. ಅದು ಜೋಡಣೆಯಾದದ್ದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಹೊಸಕೋಟೆ ಆವರಣದಲ್ಲಿ ಎಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ.

2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕ ಈ ಕೊರತೆಯನ್ನು ನೀಗಿಸಿತು. ಆರೂವರೆ ಮೀಟರ್ ಅಗಲದ, 18 ತುಂಡುಗಳ ಕನ್ನಡಿಯಿರುವ ಅದು ಅವಕೆಂಪು ಬೆಳಕನ್ನೇ ನೋಡಲೆಂದು ತಯಾರಾದದ್ದು. 2022ರ ಜುಲೈಯಲ್ಲಿ ಮೊದಲ ಚಿತ್ರಗಳು ಬಂದಾಗ, ಹಬಲ್ ಚಿತ್ರದಲ್ಲಿ ವಕ್ರವಾಗಿ ಕಂಡಿದ್ದ ಎಷ್ಟೋ ಗ್ಯಾಲಕ್ಸಿಗಳು ಅಚ್ಚುಕಟ್ಟಾದ ತಟ್ಟೆಗಳಾಗಿ ಕಂಡವು. ಆ ದೂರದಲ್ಲಿ ತಟ್ಟೆಯಾಕಾರದ ಗ್ಯಾಲಕ್ಸಿಗಳು ಹಿಂದೆ ಎಣಿಸಿದ್ದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚಿವೆಯೆಂದು ಅದೇ ವರ್ಷ ಒಂದು ತಂಡ ವರದಿ ಮಾಡಿತು. 2023ರಲ್ಲಿ 850 ಗ್ಯಾಲಕ್ಸಿಗಳನ್ನು ವಿಂಗಡಿಸಿದ ಇನ್ನೊಂದು ತಂಡದ ಪ್ರಕಾರ, ವಿಶ್ವಕ್ಕೆ ಸುಮಾರು 200 ಕೋಟಿ ವರ್ಷ ತುಂಬಿದ್ದಾಗ ನೂರಕ್ಕೆ 60ರಷ್ಟು ಗ್ಯಾಲಕ್ಸಿಗಳಲ್ಲಿ ತಟ್ಟೆ ಇತ್ತು. ನೂರು ಕೋಟಿ ವರ್ಷವೂ ತುಂಬದಿದ್ದಾಗ ನೂರಕ್ಕೆ 30ರಷ್ಟು.

ಹಾಗೆಂದು ತಟ್ಟೆಯಂತೆ ಕಂಡದ್ದೆಲ್ಲ ತಟ್ಟೆಯೇ ಎನ್ನುವಂತಿಲ್ಲ. ದೋಸೆಯನ್ನು ಅಂಚಿನಿಂದ ನೋಡಿದರೂ ಉದ್ದವಾಗಿ ಕಾಣುತ್ತದೆ, ಸೌತೆಕಾಯಿಯನ್ನು ಪಕ್ಕದಿಂದ ನೋಡಿದರೂ ಉದ್ದವಾಗಿ ಕಾಣುತ್ತದೆ. ಒಂದೇ ಚಿತ್ರದಿಂದ ಯಾವುದು ಯಾವುದೆಂದು ಹೇಳಲಾಗದು. ಆದರೆ ನೂರಾರು ದೋಸೆಗಳನ್ನು ಮನಬಂದಂತೆ ಎಸೆದರೆ ಕೆಲವಾದರೂ ದುಂಡಗೆ ಕಾಣಬೇಕು. ಉದ್ದವಾಗಿ ಕಾಣುವವೇ ವಿಪರೀತ ಹೆಚ್ಚಿದ್ದರೆ ಅಲ್ಲಿ ಸೌತೆಕಾಯಿಗಳು ಸೇರಿಕೊಂಡಿವೆ ಎಂದರ್ಥ. ಈ ತರ್ಕವನ್ನೇ ಅನುಸರಿಸಿ 2024ರಲ್ಲಿ ಪ್ರಕಟವಾದ ಅಧ್ಯಯನವೊಂದು, ಆ ಕಾಲದ ಕಡಿಮೆ ತೂಕದ ಗ್ಯಾಲಕ್ಸಿಗಳಲ್ಲಿ ನೂರಕ್ಕೆ 50ರಿಂದ 80ರಷ್ಟು ಸೌತೆಕಾಯಿಯಂತೆ ನೀಳವಾಗಿದ್ದಿರಬಹುದು ಎಂದು ಅಂದಾಜಿಸಿದೆ. ಚರ್ಚೆ ಮುಗಿದಿಲ್ಲ.

ಪುಣೆಯಿಂದ ಬಂದ ಅಲಕನಂದಾ

2025ರ ನವೆಂಬರಿನಲ್ಲಿ ಈ ಚರ್ಚೆಗೆ ನಮ್ಮ ದೇಶದಿಂದಲೂ ಒಂದು ಮಹತ್ವದ ಕೊಡುಗೆ ಸಂದಿತು. ಪುಣೆಯ ರಾಷ್ಟ್ರೀಯ ರೇಡಿಯೋ ಖಭೌತ ಕೇಂದ್ರದ ರಾಶಿ ಜೈನ್ ಮತ್ತು ಯೋಗೇಶ್ ವಾಡದೇಕರ್ ಅವರು ವೆಬ್ ಚಿತ್ರಗಳಲ್ಲಿ ಒಂದು ಪರಿಪೂರ್ಣ ಸುರುಳಿ ಗ್ಯಾಲಕ್ಸಿಯನ್ನು ಗುರುತಿಸಿದರು. ವಿಶ್ವಕ್ಕೆ ಕೇವಲ 150 ಕೋಟಿ ವರ್ಷವಾಗಿದ್ದಾಗಲೇ ಅದು ಸುಮಾರು 30,000 ಜ್ಯೋತಿರ್ವರ್ಷ ಅಗಲಕ್ಕೆ ಬೆಳೆದಿತ್ತು. ಎರಡು ಬದಿಗಳಲ್ಲೂ ಸಮನಾಗಿ ಬಾಗಿದ ಎರಡು ತೋಳುಗಳು, ಸುಮಾರು ಸಾವಿರ ಕೋಟಿ ಸೂರ್ಯರಷ್ಟು ತೂಕದ ನಕ್ಷತ್ರಗಳು. ಹಿಮಾಲಯದ ನದಿಯ ನೆನಪಿನಲ್ಲಿ ಅದಕ್ಕೆ ಅಲಕನಂದಾ ಎಂದು ಹೆಸರಿಟ್ಟರು. ಅಲಕನಂದಾದ ಸೋದರಿ ನದಿ ಮಂದಾಕಿನಿ. ಹಿಂದಿಯಲ್ಲಿ ನಮ್ಮ ಆಕಾಶಗಂಗೆಗೂ ಮಂದಾಕಿನಿ ಎಂಬ ಹೆಸರಿದೆ. ಇಂತಹ ಸುರುಳಿ ರೂಪುಗೊಳ್ಳಲು ಬಹಳ ಕಾಲ ಬೇಕೆಂದೇ ಹಿಂದೆ ತಿಳಿಯಲಾಗಿತ್ತು. ಅಷ್ಟು ಬೇಗ ಅಷ್ಟು ಅಚ್ಚುಕಟ್ಟು ಹೇಗೆ ಬಂತು ಎಂಬುದೇ ಈಗ ಮುಂದಿರುವ ಪ್ರಶ್ನೆ.

ನೋಡುವವರ ಕಡೆಗೂ ಒಂದು ನೋಟ

ಈ ಅಳತೆಯಲ್ಲಿ ಸಾಮಾನ್ಯ ಜನರೂ ಪಾಲು ಪಡೆದಿದ್ದಾರೆ. 2007ರಲ್ಲಿ 'ಗ್ಯಾಲಕ್ಸಿ ಝೂ' ಎಂಬ ಯೋಜನೆ ಸುಮಾರು ಹತ್ತು ಲಕ್ಷ ಗ್ಯಾಲಕ್ಸಿಗಳ ಚಿತ್ರಗಳನ್ನು ಜನರ ಮುಂದಿಟ್ಟು, ಇದು ಸುರುಳಿಯೇ, ಅಂಡಾಕಾರವೇ, ಸುರುಳಿಯಾದರೆ ಯಾವ ಕಡೆಗೆ ತಿರುಗಿದೆ ಎಂದು ಕೇಳಿತು. ಮೊದಲ ವರ್ಷದಲ್ಲೇ ಒಂದೂವರೆ ಲಕ್ಷ ಜನ ಐದು ಕೋಟಿ ಉತ್ತರಗಳನ್ನು ಕೊಟ್ಟರು. ನೆದರ್‌ಲ್ಯಾಂಡಿನ ಶಾಲಾ ಶಿಕ್ಷಕಿ ಹ್ಯಾನಿ ವಾನ್ ಆರ್ಕೆಲ್ ಅದರಲ್ಲಿ ಯಾರೂ ಕಾಣದಿದ್ದ ಒಂದು ವಿಚಿತ್ರ ಅನಿಲಮೋಡವನ್ನು ಕಂಡುಹಿಡಿದರು. ಇಂದು ಅದಕ್ಕೆ ಅವರದೇ ಹೆಸರಿದೆ.

ಆ ಉತ್ತರಗಳಲ್ಲಿ ಒಂದು ವಿಚಿತ್ರವಿತ್ತು. ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗಿದ ಸುರುಳಿಗಳೇ ಹೆಚ್ಚಿದ್ದವು. ಇದು ನಿಜವಾದರೆ ವಿಶ್ವದ ಬಗ್ಗೆ ನಮಗಿರುವ ತಿಳುವಳಿಕೆಯೇ ಅಲುಗಾಡುತ್ತಿತ್ತು. ಆತುರದಿಂದ ಸುದ್ದಿ ಮಾಡುವ ಬದಲು ಅವರು ಕೆಲವು ಚಿತ್ರಗಳನ್ನು ಕನ್ನಡಿಯಲ್ಲಿ ಕಾಣುವಂತೆ ಎಡಬಲ ತಿರುಗಿಸಿ ಮತ್ತೆ ಜನರಿಗೆ ತೋರಿಸಿದರು. ಗ್ಯಾಲಕ್ಸಿಗಳದ್ದೇ ಗುಣವಾಗಿದ್ದರೆ ಈಗ ಉತ್ತರವೂ ತಿರುಗಬೇಕಿತ್ತು. ತಿರುಗಲಿಲ್ಲ. ಈ ಸಲವೂ ಅದೇ ದಿಕ್ಕಿನವು ಹೆಚ್ಚೆಂದೇ ಜನ ಹೇಳಿದರು! ಓರೆ ಇದ್ದದ್ದು ಆಕಾಶದಲ್ಲಲ್ಲ, ನೋಡುವವರ ನೋಟದಲ್ಲಿ.

ಅಸ್ಸೂಫಿಯವರಿಂದ ವೆಬ್ ದೂರದರ್ಶಕದವರೆಗಿನ ಸಾವಿರ ವರ್ಷಗಳ ಈ ಪಯಣದಲ್ಲಿ ಎದ್ದು ಕಾಣುವ ಸಂಗತಿ ಇದೇ. ಮಂದವಾದ ಅಂಚನ್ನು ಕಣ್ಣು ಬಿಟ್ಟಿತು, ಎರಡು ಬಗೆಯ ನಕ್ಷತ್ರಗಳನ್ನು ಒಂದೆಂದು ಎಣಿಸಲಾಯಿತು, ಮದುವೆ ಮನೆಯ ದೀಪವನ್ನೇ ಊರೆಂದು ತಿಳಿಯಲಾಯಿತು. ಪ್ರತಿಸಲವೂ 'ತಪ್ಪು ನನ್ನದಿರಬಹುದೇ?' ಎಂದು ಕೇಳಿಕೊಂಡವರೇ ಮುಂದಿನ ಹೆಜ್ಜೆ ಇಟ್ಟರು. ಪುಟ್ಟ ಗ್ಯಾಲಕ್ಸಿಗಳ ವಿಷಯದಲ್ಲಿ ಹಾಗೆ ಕೇಳಿಕೊಂಡಾಗ ಅಳತೆ ಸರಿಯೆಂದು ಗೊತ್ತಾಯಿತು, ಆಕಾರದ ವಿಷಯದಲ್ಲಿ ತಪ್ಪೆಂದು ಗೊತ್ತಾಯಿತು. ಎರಡೂ ಲಾಭವೇ.

ಮುಂದಿನ ಹುಣ್ಣಿಮೆಗೆ ಮಕ್ಕಳೊಂದಿಗೆ ಅಂಗಳಕ್ಕಿಳಿದು ಕಿರುಬೆರಳಿನ ಪರೀಕ್ಷೆ ಮಾಡಿ ನೋಡಿ. ಚಂದ್ರ ದೊಡ್ಡದಾಗಿದೆ ಎಂದು ಮಗು ಹೇಳಿದಾಗ 'ಸುಳ್ಳು' ಎಂದು ಗದರಬೇಡಿ. 'ಹೌದಾ? ಬಾ, ಅಳೆದು ನೋಡೋಣ' ಎನ್ನಿ.